ಅಕ್ವೇರಿಯಂ ಮೀನಿಗೆ ಹಾರ್ಟ್, ಲಿವರ್, ಸಿಗಡಿ, ಎರೆಹುಳು: ಮಲೆನಾಡಿನಲ್ಲಿ ಮೀನು ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಲ್ಲಿ ಆಸ್ಕರ್, ಫ್ಲವರ್‌ಹಾರ್ನ್, ಅರೋವಾನಾ, ಡಿಸ್ಕಸ್ ಇಟ್ಟುಕೊಂಡವರಿಗಾಗಿ ಈ ಉತ್ತರಗಳು. ಮಾಂಸ ಕೊಡುವುದು ತಪ್ಪಲ್ಲ. ಆದರೆ ಬೇರೆ ಊರಿನವರ ಅಳತೆಯನ್ನು ಇಲ್ಲಿ ಹಾಗೇ ಅನುಸರಿಸಿದರೆ ಮೀನಿಗಿಂತ ಮೊದಲು ನೀರು ಕೆಡುತ್ತದೆ. ನಮ್ಮ ಕಡೆಯ ನೀರು ಮೆದು (ಸುಣ್ಣದಂಶ ಕಡಿಮೆ), ಚಳಿಗಾಲ ಜೋರು, ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ. ಈ ಮೂರನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲಿನ ಅಳತೆಗಳನ್ನು ಹೇಳಿದ್ದೇವೆ.

ಯಾವ ಮೀನಿಗೆ ಮಾಂಸ ಕೊಡಬಹುದು?

ಆಸ್ಕರ್, ಫ್ಲವರ್‌ಹಾರ್ನ್, ಅರೋವಾನಾ, ಡಿಸ್ಕಸ್, ಏಂಜಲ್, ಫೈಟರ್ ಇವೆಲ್ಲ ಪ್ರಾಣಿಜನ್ಯ ಆಹಾರವನ್ನು ತಿನ್ನುವ ಮೀನುಗಳು. ಇವಕ್ಕೆ ವಾರಕ್ಕೊಮ್ಮೆ ಕೊಡಬಹುದು. ಆದರೆ ಕಾಡಿನ ಹೊಳೆಯಲ್ಲಿ ಇಂಥ ಮೀನುಗಳು ತಿನ್ನುವ ಪ್ರಾಣಿಜನ್ಯ ಆಹಾರವೆಂದರೆ ಹುಳು, ಸಿಗಡಿ, ಸಣ್ಣ ಮೀನು. ಕೋಳಿ, ಕುರಿ ಇವುಗಳ ಸಹಜ ಆಹಾರವಲ್ಲ. ಹಾಗಾಗಿ ಮಾಂಸವನ್ನು ತಿಂಡಿಯ ಲೆಕ್ಕದಲ್ಲಿ ಕೊಡಿ, ಊಟದ ಲೆಕ್ಕದಲ್ಲಿ ಬೇಡ.

ಗೋಲ್ಡ್ ಫಿಶ್ ಮತ್ತು ಕೊಯಿಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಕೊಬ್ಬಿನ ಮಾಂಸ ಇವಕ್ಕೆ ಬೇಡ. ಮೊಲ್ಲಿ, ಸಿಲ್ವರ್ ಡಾಲರ್, ಸಕ್ಕರ್ ಜಾತಿಯ ಸಸ್ಯಾಹಾರಿಗಳು, ಆಫ್ರಿಕದ ಮಲಾವಿ ಸರೋವರದ ಪಾಚಿ ತಿನ್ನುವ ಸಿಕ್ಲಿಡ್‌ಗಳು ಇವಕ್ಕೂ ಬೇಡವೇ ಬೇಡ. ಇವುಗಳ ಕರುಳು ಉದ್ದ, ಮಾಂಸ ಅಲ್ಲೇ ನಿಂತು ಹೊಟ್ಟೆ ಉಬ್ಬುತ್ತದೆ.

ಒಂದು ಮೀನಿನ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಪಿರಾನ್ಹಾ ಎಂದು ಮಾರುವ ಕೆಂಪು ಹೊಟ್ಟೆಯ ಮರಿ ಬಹುತೇಕ ಪಾಕು, ಅಂದರೆ ಮೀನು ಮಾರುಕಟ್ಟೆಯ ರೂಪ್‌ಚಂದ್. ಅದರ ಚಪ್ಪಟೆ ಹಲ್ಲು ಹಣ್ಣು, ಕಾಯಿ, ಬೀಜ ಒಡೆಯಲು ಇರುವುದು. ಪಿರಾನ್ಹಾ ಅಂದುಕೊಂಡು ದಿನವೂ ಕೋಳಿ ಹಾಕಿ ಕೊಬ್ಬಿಸುವವರು ಬಹಳ.

ಡಿಸ್ಕಸ್‌ಗೆ ಬೀಫ್ ಹಾರ್ಟ್ ಕೊಡಬೇಕು ಅಂತಾರಲ್ಲ?

ಹೊರದೇಶದ ಡಿಸ್ಕಸ್ ಸಾಕಣೆದಾರರ ರೂಢಿ ಅದು. ಮರಿಗಳು ಬೇಗ ಬೆಳೆಯುತ್ತವೆ ಎಂಬುದು ಕಾರಣ. ಅವರು ದಿನವೂ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸುತ್ತಾರೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಇರುವುದರಿಂದ ಇಲ್ಲಿ ಆ ಮಾತೇ ಬರುವುದಿಲ್ಲ. ಅದಕ್ಕಾಗಿ ಕೊರಗಬೇಕಾದ್ದೂ ಇಲ್ಲ. ಕೋಳಿ ಹಾರ್ಟ್ ಅಥವಾ ಕುರಿ ಹಾರ್ಟ್ ಅದೇ ಕೆಲಸ ಮಾಡುತ್ತದೆ. ಸಿಗಡಿ ಅದಕ್ಕಿಂತಲೂ ಒಳ್ಳೆಯದು.

ಹಾರ್ಟ್ ಆಗುತ್ತದೆ, ಲಿವರ್ ಆಗುವುದಿಲ್ಲ. ಯಾಕೆ?

ಹಾರ್ಟ್ ಎಂದರೆ ದಿನವಿಡೀ ಕೆಲಸ ಮಾಡುವ ಸ್ನಾಯು. ಹೊರಗಿನ ಕೊಬ್ಬು ತೆಗೆದರೆ ಒಳಗೆ ಉಳಿಯುವುದು ಬಿಗಿಯಾದ, ಕೊಬ್ಬು ಕಡಿಮೆಯ ಮಾಂಸ. ನೀರಿಗೆ ಬಿದ್ದರೆ ಬೇಗ ಕರಗುವುದಿಲ್ಲ, ಮೀನು ಒಂದೇ ಗುಟುಕಿಗೆ ನುಂಗುತ್ತದೆ.

ಲಿವರ್ ಹಾಗಲ್ಲ. ನೀರಿಗೆ ಬಿದ್ದ ಕೂಡಲೇ ಪುಡಿಯಾಗಿ ಕಂದು ಮೋಡದ ಹಾಗೆ ಹರಡುತ್ತದೆ, ಆ ಪುಡಿಯನ್ನು ಯಾವ ಮೀನೂ ತಿನ್ನುವುದಿಲ್ಲ. ಅದರಲ್ಲಿ ವಿಟಮಿನ್ ಎ ವಿಪರೀತ ಇರುತ್ತದೆ, ದೇಹ ಅದನ್ನು ಹೊರಹಾಕದೆ ಕೂಡಿಟ್ಟುಕೊಳ್ಳುತ್ತದೆ. ಕುರಿ, ಆಡಿನ ಲಿವರಿನಲ್ಲಿ ತಾಮ್ರವೂ ಹೆಚ್ಚು. ತಿಂಗಳಿಗೊಮ್ಮೆ ಬೆರಳ ತುದಿಯಷ್ಟು ಕೋಳಿ ಲಿವರನ್ನು ಬಿಸಿನೀರಿನಲ್ಲಿ ಗಟ್ಟಿಯಾಗುವಷ್ಟು ಬೇಯಿಸಿ ದೊಡ್ಡ ಆಸ್ಕರ್‌ಗೆ ಕೊಟ್ಟರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಕೊಡಲು ನಮಗೆ ಕಾರಣ ಕಾಣುವುದಿಲ್ಲ.

ಗಿಜರ್ಡ್ ಮೀನಿಗೆ ತೀರಾ ಗಟ್ಟಿ. ಕರುಳು, ಚರ್ಮ, ರಕ್ತ, ಕೋಳಿ ಅಂಗಡಿಯ ವೇಸ್ಟ್ ಯಾವುದೂ ಟ್ಯಾಂಕಿಗೆ ಹಾಕುವಂಥದ್ದಲ್ಲ.

ಹಾರ್ಟ್ ಶುಚಿ ಮಾಡುವುದು ಹೇಗೆ?

ಅಂಗಡಿಯಲ್ಲಿ ಲಿವರ್, ಗಿಜರ್ಡ್, ಹಾರ್ಟ್ ಒಟ್ಟಿಗೇ ತೂಗುತ್ತಾರೆ. ಹಾರ್ಟ್ ಮಾತ್ರ ಬೇಕೆಂದು ಮೊದಲೇ ಹೇಳಿ. ಬೆಳಗ್ಗೆ ಕೊಯ್ದದ್ದನ್ನು ಬೆಳಗ್ಗೆಯೇ ತನ್ನಿ.

ಕೋಳಿ ಹಾರ್ಟಿನ ಅಗಲವಾದ ತಲೆಯ ಭಾಗಕ್ಕೆ ಹಳದಿ ಕೊಬ್ಬು ಟೋಪಿಯಂತೆ ಅಂಟಿರುತ್ತದೆ, ಅದರೊಳಗಿಂದ ಬಿಳಿ ರಕ್ತನಾಳಗಳ ತುದಿ ಇಣುಕುತ್ತದೆ. ಕೊಬ್ಬನ್ನು ಕೆರೆಯುತ್ತ ಕೂರಬೇಡಿ. ಆ ತಲೆಯನ್ನೇ ಅಡ್ಡಕ್ಕೆ ಕತ್ತರಿಸಿ ತೆಗೆಯಿರಿ. ಉಳಿದದ್ದನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಒಳಗೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತ ಕಾಣುತ್ತದೆ. ಹರಿಯುವ ನೀರಿನಡಿ ಹೆಬ್ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಹೊರಗಿನ ತೆಳು ಪೊರೆಯನ್ನು ಚಾಕುವಿನ ತುದಿಯಿಂದ ಎತ್ತಿ ಎಳೆಯಿರಿ. ಇಷ್ಟಾದ ಮೇಲೆ ತಂದ ತೂಕದ ಮುಕ್ಕಾಲು ಪಾಲು ಉಳಿದರೆ ಸರಿಯಾಗಿ ಮಾಡಿದ್ದೀರಿ ಎಂದರ್ಥ.

ಕುರಿ ಹಾರ್ಟಿನಲ್ಲಿ ಹೊರಗಿನ ಬಿಳಿ ಕೊಬ್ಬಿನ ಜೊತೆಗೆ ಒಳಗಿನ ಗೂಡುಗಳಲ್ಲಿ ದಾರದಂಥ ಬಿಳಿ ಎಳೆಗಳೂ ಕವಾಟದ ಪರದೆಗಳೂ ಇರುತ್ತವೆ. ಅವನ್ನು ಬಿಡಬೇಡಿ. ನುಂಗಿದ ಎಳೆ ಜೀರ್ಣವಾಗದೆ ಹಾಗೇ ಹೊರಬರುತ್ತದೆ, ಸಣ್ಣ ಮೀನಿನ ಬಾಯಿಗೆ ಸಿಕ್ಕಿಕೊಳ್ಳುವುದೂ ಉಂಟು.

ಇಷ್ಟೊಂದು ಕೊಬ್ಬು ತೆಗೆಯುವುದು ಯಾಕೆಂದರೆ, ಕುರಿಯ ಮೈಬಿಸಿ ಸುಮಾರು 39 ಡಿಗ್ರಿ, ಕೋಳಿಯದು 41. ಆ ಬಿಸಿಗೆ ಮೆತ್ತಗಿರುವ ಕೊಬ್ಬು 26 ಡಿಗ್ರಿಯ ಮೀನಿನ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ. ಸರಿಯಾಗಿ ಕರಗದೆ, ಕರಗಿದ್ದೂ ಯಕೃತ್ತಿನಲ್ಲಿ ಕೂತು ವರ್ಷಗಟ್ಟಲೆ ಹಾನಿ ಮಾಡುತ್ತದೆ. ಮೀನು ಹೊರಗೆ ದಷ್ಟಪುಷ್ಟವಾಗಿಯೇ ಕಾಣುತ್ತಿರುತ್ತದೆ.

ಹಸಿಯಾಗಿ ಕೊಡಬೇಕೋ, ಬೇಯಿಸಿಯೋ?

ಶುಚಿ ಮಾಡಿದ ಹಾರ್ಟನ್ನು ಹಸಿಯಾಗಿ ಕೊಡಬಹುದು, ಆದರೆ ಮೊದಲು ಫ್ರೀಜರ್ ಕಾಣಿಸಿ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇದ್ದರೆ ಹುಳುವಿನಂಥ ಪರಾವಲಂಬಿಗಳು ಸಾಯುತ್ತವೆ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಂಪು ಮುಟ್ಟುವುದು ಕಷ್ಟ. ಅಂಥ ಮನೆಯಲ್ಲಿ ಫ್ರೀಜರನ್ನು ನೆಚ್ಚದೆ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುವುದೇ ಲೇಸು. ನೆನಪಿರಲಿ, ತಂಪಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನಿರುತ್ತವೆ ಅಷ್ಟೆ.

ಸಿಗಡಿ ಮತ್ತು ಮೀನಿನ ತುಂಡನ್ನು ಮಾತ್ರ ತಪ್ಪದೆ ಕುದಿನೀರಿನಲ್ಲಿ ಅದ್ದಿ. ಕೆಲವು ಮೀನು, ಸಿಗಡಿ, ಚಿಪ್ಪಿನ ಪ್ರಾಣಿಗಳ ಹಸಿ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಅನ್ನು ಒಡೆದುಹಾಕುತ್ತದೆ, ಬಿಸಿ ತಾಗಿದರೆ ಕೆಡುತ್ತದೆ.

ಉಪ್ಪು, ಅರಿಶಿನ, ಎಣ್ಣೆ, ಮಸಾಲೆ ಸೋಕಿದ ಯಾವುದನ್ನೂ ಹಾಕಬೇಡಿ. ಸಾರಿನಿಂದ ತೆಗೆದು ತೊಳೆದ ತುಂಡೂ ಬೇಡ.

ಮನೆಯಲ್ಲೇ ಮಿಶ್ರಣ ಮಾಡುವ ವಿಧಾನ ಹೇಳಿ.

ಒಂದು ಕಿಲೋ ಚಿಲ್ಲರೆ ಆಗುವ ಅಳತೆ ಇದು:

- ಶುಚಿ ಮಾಡಿದ ಕೋಳಿ ಅಥವಾ ಕುರಿ ಹಾರ್ಟ್: 400 ಗ್ರಾಂ
- ಸುಲಿದು ಕುದಿನೀರಿನಲ್ಲಿ ಅದ್ದಿದ ಸಿಗಡಿ: 300 ಗ್ರಾಂ
- ಮುಳ್ಳು ತೆಗೆದ ಬಿಳಿ ಮೀನು, ಅದನ್ನೂ ಅದ್ದಿ ತೆಗೆದದ್ದು: 150 ಗ್ರಾಂ
- ಬಿಸಿನೀರಿಗೆ ಹಾಕಿ ಹಿಂಡಿದ ಪಾಲಕ್: 80 ಗ್ರಾಂ
- ಸ್ಪಿರುಲಿನಾ ಪುಡಿ: 2 ಚಮಚ
- ಜೆಲಟಿನ್: 20 ಗ್ರಾಂ, 150 ಮಿ.ಲೀ. ನೀರಿಗೆ

ಹಾರ್ಟನ್ನು ಅರ್ಧ ಹೆಪ್ಪುಗಟ್ಟಿಸಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಚಟ್ನಿಯ ಹಾಗೆ ನುಣ್ಣಗಾದರೆ ಕೆಲಸ ಕೆಟ್ಟಿತು, ನೀರಿಗೆ ಬಿದ್ದೊಡನೆ ಹಾಲಾಗುತ್ತದೆ. ಡಿಸ್ಕಸ್‌ಗೆ ಅಕ್ಕಿ ಕಾಳಿನಷ್ಟು, ಆಸ್ಕರ್‌ಗೆ ಕಡಲೆಯಷ್ಟು ಕಣ ಇರಲಿ. ಜೆಲಟಿನ್ ಅನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ 10 ನಿಮಿಷ ನೆನೆಸಿ, ಉಳಿದ ನೀರನ್ನು ಬಿಸಿಮಾಡಿ ಸೇರಿಸಿ ಕರಗಿಸಿ. ಕುದಿಸಿದರೆ ಅದರ ಹಿಡಿತ ಹೋಗುತ್ತದೆ. ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಎಲ್ಲ ಕಲಸಿ. ಮೀನಿಗೆಂದೇ ಸಿಗುವ ವಿಟಮಿನ್ ಹನಿ ಇದ್ದರೆ ಈಗ ಹಾಕಿ. ಬಿಸಿಯಲ್ಲಿ ಹಾಕಿದರೆ ವಿಟಮಿನ್ ಸಿ ಉಳಿಯುವುದಿಲ್ಲ. ಜಿಪ್ ಕವರಿನೊಳಗೆ 4 ಮಿ.ಮೀ. ದಪ್ಪಕ್ಕೆ ತಟ್ಟಿ, ಸ್ಕೇಲಿನಿಂದ ಒತ್ತಿ ಚೌಕ ಗೆರೆ ಹಾಕಿ ಫ್ರೀಜ್ ಮಾಡಿ. ಬೇಕಾದಾಗ ಒಂದು ಚೌಕ ಮುರಿಯಬಹುದು.

ಜೆಲಟಿನ್ 30 ಡಿಗ್ರಿ ದಾಟಿದ ನೀರಿನಲ್ಲಿ ಮೆತ್ತಗಾಗುತ್ತದೆ. ಡಿಸ್ಕಸ್ ಟ್ಯಾಂಕ್ ಅಷ್ಟೇ ಬಿಸಿ ಇರುವುದರಿಂದ ಅಲ್ಲಿ ಅಗರ್ ಅಗರ್ ಉತ್ತಮ. 10 ಗ್ರಾಂ ಪುಡಿಯನ್ನು 200 ಮಿ.ಲೀ. ನೀರಿನಲ್ಲಿ ಎರಡು ನಿಮಿಷ ಕುದಿಸಿ, 50 ಡಿಗ್ರಿಗೆ ಇಳಿದ ಕೂಡಲೇ ಬೇಗ ಬೇಗ ಕಲಸಿ. 40ಕ್ಕೆ ಬಂದರೆ ಗಟ್ಟಿಯಾಗಿಬಿಡುತ್ತದೆ. ಇದಕ್ಕಾಗಿ ಮಾಂಸ ತೀರಾ ಐಸ್ ಆಗಿರಬಾರದು.

ಬೆಳ್ಳುಳ್ಳಿ ಒಂದೆಸಳು ಹಾಕಿದರೆ ವಾಸನೆಗೆ ಮೀನು ಬೇಗ ಬಾಯಿಹಾಕುತ್ತದೆ. ಅದು ಔಷಧಿ ಎಂದು ಭಾವಿಸಬೇಡಿ.

ಎರಡು ತಿಂಗಳೊಳಗೆ ಖರ್ಚು ಮಾಡಿ. ಕರೆಂಟು ಹೋಗಿ ಒಮ್ಮೆ ಕರಗಿದ ಕವರನ್ನು ಮತ್ತೆ ಗಟ್ಟಿಯಾಗಿಸಿ ಬಳಸಬಾರದು. ಎಸೆಯಲು ಮನಸ್ಸು ಬಾರದು, ಆದರೂ ಎಸೆಯಿರಿ.

ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ?

ಬೆಳೆದ ಮೀನಿಗೆ ವಾರಕ್ಕೊಮ್ಮೆ, ಮೈತೂಕದ ನೂರಕ್ಕೆ ಒಂದು ಪಾಲು. ಒಂದು ಗೇಣಿಗಿಂತ ತುಸು ಉದ್ದದ ಆಸ್ಕರ್ ಅರ್ಧ ಕಿಲೋದ ಆಸುಪಾಸು ತೂಗಬಹುದು, ಅದಕ್ಕೆ 4–5 ಗ್ರಾಂ. ಫೈಟರ್‌ಗೆ ಅದರ ಕಣ್ಣಿನಷ್ಟು ಒಂದು ತುಣುಕು. ಬೆಳೆಯುವ ಡಿಸ್ಕಸ್ ಮರಿಗೆ ದಿನ ಬಿಟ್ಟು ದಿನ ಕೊಡಬಹುದು, ಆದರೆ ಕೊಟ್ಟ ದಿನ ನೀರು ಬದಲಿಸಲೇಬೇಕು.

ಚೌಕವನ್ನು ಟೀ ಸೋಸುವ ಜಾಲರಿಯಲ್ಲಿಟ್ಟು, ತಣ್ಣೀರು ಬಿಟ್ಟು ಕರಗಿಸಿ. ಕೆಳಗೆ ಇಳಿಯುವ ನೀರಿನ ಕೆಂಪು ಹೋಗುವವರೆಗೆ ತೊಳೆಯಿರಿ. ಒಂದೊಂದೇ ತುಂಡು ಹಾಕಿ, ನುಂಗಿದ್ದನ್ನು ನೋಡಿ ಮುಂದಿನದು. ಎರಡು ನಿಮಿಷಕ್ಕೆ ಮುಗಿಯಬೇಕು, ಉಳಿದದ್ದನ್ನು ಬಲೆಯಲ್ಲಿ ತೆಗೆಯಿರಿ. ಅರ್ಧ ಗಂಟೆಯ ನಂತರ ಟ್ಯೂಬ್‌ಲೈಟಿಗೆ ಎದುರಾಗಿ ಓರೆಯಿಂದ ನೀರಿನ ಮೇಲ್ಮೈ ನೋಡಿ. ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಕೊಬ್ಬು ಪೂರ್ತಿ ಹೋಗಿಲ್ಲ. ನ್ಯೂಸ್‌ಪೇಪರ್ ತುಂಡನ್ನು ಮೇಲೆ ಹಾಸಿ ಎತ್ತಿದರೆ ಪೊರೆ ಅದಕ್ಕೆ ಅಂಟಿ ಬರುತ್ತದೆ.

ನಮ್ಮದು ಬಾವಿ ನೀರು, ಕನ್ನಡಿಯಂತಿದೆ. ಆದರೂ ಮಾಂಸ ಕೊಟ್ಟ ವಾರವೆಲ್ಲ ಮೀನು ಮಂಕಾಗುತ್ತದೆ. ಯಾಕೆ?

ಮಲೆನಾಡಿನಲ್ಲಿ ಅತಿ ಹೆಚ್ಚು ಮೀನು ಸಾಯುವುದು ಈ ಕಾರಣಕ್ಕೇ ಎಂಬುದು ನಮ್ಮ ಅಭಿಪ್ರಾಯ. ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮಾಂಸದಲ್ಲಿ ನೂರಕ್ಕೆ ಸುಮಾರು 17 ಪಾಲು ಪ್ರೋಟೀನ್, ಪ್ರೋಟೀನಿನಲ್ಲಿ ನೂರಕ್ಕೆ 16 ಪಾಲು ಸಾರಜನಕ. 10 ಗ್ರಾಂ ತುಂಡು ಕಲ್ಲಿನ ಸಂದಿಯಲ್ಲಿ ಬಿದ್ದು ಪೂರ್ತಿ ಕೊಳೆತರೆ 0.27 ಗ್ರಾಂ ಸಾರಜನಕ ಅಮೋನಿಯಾ ಆಗಿ ಹೊರಬರುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ ಅದು ಲೀಟರಿಗೆ 2.7 ಮಿಲಿಗ್ರಾಂ. ಇರಬೇಕಾದದ್ದು ಸೊನ್ನೆ.

ಫಿಲ್ಟರಿನ ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ, ಅಂದರೆ ನೀರಿನ ಪಿ.ಎಚ್. (ಆಮ್ಲ-ಕ್ಷಾರದ ಅಳತೆ) ಇಳಿಯದಂತೆ ಹಿಡಿದಿಡುವ ಕೆ.ಎಚ್., ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಸುಣ್ಣದಂಶ ಧಾರಾಳ. ಜಂಬಿಟ್ಟಿಗೆಯ ನೆಲದಿಂದ ಬರುವ ನಮ್ಮ ಬಾವಿ ನೀರಿನಲ್ಲಿ, ಅಬ್ಬಿ ನೀರಿನಲ್ಲಿ ಇರುವ ಕೆ.ಎಚ್. ಬಹಳ ಸಲ ಒಂದೋ ಎರಡೋ ಡಿಗ್ರಿ. ನಾಲ್ಕಾರು ಸಲ ಮಾಂಸ ಬಿದ್ದರೆ ಅದು ಬರಿದಾಗುತ್ತದೆ, ಪಿ.ಎಚ್. ಕುಸಿಯುತ್ತದೆ. 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನವಾಗಿ ಅಮೋನಿಯಾ ಕೂಡುತ್ತ ಹೋಗುತ್ತದೆ. ನೀರು ನೋಡಲು ಕನ್ನಡಿಯಂತೆಯೇ ಇರುತ್ತದೆ.

ಆ ಸ್ಥಿತಿಯಲ್ಲಿ ಗಾಬರಿಯಿಂದ ಪಿ.ಎಚ್. ಏರಿಸಿದರೆ ಮೀನು ಆ ದಿನವೇ ಸಾಯಬಹುದು. ಪಿ.ಎಚ್. 6ರಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷವಲ್ಲ. ಪಿ.ಎಚ್. 8 ಮುಟ್ಟಿದರೆ ನೂರಕ್ಕೆ 5–6 ಪಾಲು ವಿಷಕಾರಿ ಅಮೋನಿಯಾ ಆಗುತ್ತದೆ. ಮೊದಲು ದಿನಕ್ಕೆ ನೂರಕ್ಕೆ 20ರಂತೆ ನೀರು ಬದಲಿಸಿ ಅಮೋನಿಯಾ ತಗ್ಗಿಸಿ. ಆಮೇಲೆ ಕೆ.ಎಚ್. ಏರಿಸಿ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿದರೆ ಕೆ.ಎಚ್. ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಅಷ್ಟೇ ಸಾಕು. ಕಾಯಂ ವ್ಯವಸ್ಥೆಗೆ, ತೊಳೆದು ಕುದಿಸಿದ ಸಮುದ್ರದ ಚಿಪ್ಪಿನ ಚೂರು ಒಂದು ಹಿಡಿಯಷ್ಟನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಆಸ್ಕರ್, ಫ್ಲವರ್‌ಹಾರ್ನ್‌ಗೆ ಕೆ.ಎಚ್. 3–4 ಇದ್ದರೆ ನಿಶ್ಚಿಂತೆ. ಡಿಸ್ಕಸ್‌ಗೆ ಮೆದು ನೀರೇ ಇಷ್ಟ, ಅಲ್ಲಿ ಚಿಪ್ಪಿನ ಬದಲು ನೀರು ಬದಲಾವಣೆಯನ್ನೇ ನೆಚ್ಚಬೇಕು.

ಎಲೆ ಅಡಿಕೆಯ ಸುಣ್ಣವನ್ನು ಮಾತ್ರ ಹಾಕಬೇಡಿ. ಚಿಟಿಕೆ ಸುಣ್ಣಕ್ಕೇ ಮೆದು ನೀರಿನ ಪಿ.ಎಚ್. ಹಾರಿಬಿಡುತ್ತದೆ.

ಪೇಟೆಯ ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹನಿ ತಪ್ಪಿಸಬೇಡಿ.

ಮಳೆಗಾಲ, ಚಳಿಗಾಲದಲ್ಲಿ ಏನು ಬದಲಾವಣೆ?

ನೀರು 22 ಡಿಗ್ರಿಗಿಂತ ಕೆಳಗಿದ್ದರೆ ಮಾಂಸ ಬೇಡ. ಜೀರ್ಣಶಕ್ತಿ ಕುಗ್ಗಿರುತ್ತದೆ, ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕ್ ಬೆಳಗಿನ ಜಾವ ಆ ಮಟ್ಟಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಎರಡು ದಿನ ಬಾರದ ಊರುಗಳಿವೆ. ಹೊಟ್ಟೆ ತುಂಬಿದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಅದೇ ಹೊತ್ತಿಗೆ ಏರ್ ಪಂಪ್ ನಿಂತರೆ ಕಷ್ಟ. ಗಾಳಿ ಮಳೆ ಜೋರಿರುವ ದಿನ ಮಾಂಸ ಮುಟ್ಟಬೇಡಿ. ಕೊಡುವುದಾದರೆ ಬೆಳಗ್ಗೆ ಕೊಡಿ, ರಾತ್ರಿ ಬೇಡ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಅಡಿಕೆ ತೋಟದಲ್ಲಿ ಬೇಕಾದಷ್ಟು ಎರೆಹುಳು ಇವೆ. ಹಾಕಬಹುದೇ?

ಎರೆಹುಳು ಮೀನಿಗೆ ಕೋಳಿ ಹಾರ್ಟಿಗಿಂತ ನೂರು ಪಾಲು ಮೇಲು. ಆದರೆ ಔಷಧಿ ಹೊಡೆದ ತೋಟದ್ದು ಬೇಡವೇ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನಕ್ಕೆ ಮತ್ತೊಮ್ಮೆ ಹೊಡೆದ ತಾಮ್ರ ವರ್ಷ ವರ್ಷವೂ ಮಣ್ಣಿಗೇ ಇಳಿದು ಅಲ್ಲೇ ಉಳಿಯುತ್ತದೆ. ಎರೆಹುಳು ಆ ಮಣ್ಣನ್ನೇ ತಿಂದು ಬದುಕುವ ಜೀವ. ಗಡಸು ನೀರಿಗಿಂತ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಹೆಚ್ಚು ವಿಷ, ನಮ್ಮದು ಮೆದು ನೀರು. ಬುಡದ ಕಳೆ ಎಲೆಯ ಮೇಲೆ ತಿಳಿನೀಲಿ ಕಲೆ ಕಾಣುವ ತೋಟದಲ್ಲಿ ಅಗೆಯಲೇಬೇಡಿ. ಅದು ಕಾಣದಿದ್ದರೂ ಹಳೇ ತೋಟವನ್ನು ನಂಬಬೇಡಿ.

ಮನೆ ಹಿತ್ತಲಿನ, ಔಷಧಿ ಕಾಣದ ಜಾಗದ್ದಾದರೆ ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ಹೊಟ್ಟೆಯ ಮಣ್ಣು ಖಾಲಿಯಾಗಲು ಬಿಡಿ. ತೊಳೆದು, ಮೀನಿನ ಬಾಯಿಗೆ ತಕ್ಕಂತೆ ತುಂಡರಿಸಿ ಕೊಡಿ. ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವ ಸಣ್ಣ ಕೆಂಪು ಪಟ್ಟೆಯ ಹುಳುವನ್ನು ಕೆಲವು ಮೀನು ಉಗುಳುತ್ತವೆ. ಅದು ಬಿಡುವ ಹಳದಿ ದ್ರವ ಕಹಿ.

ಬಂಗುಡೆ, ಬೂತಾಯಿ, ಒಣ ಸಿಗಡಿ?

ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಹೆಚ್ಚು, ನೀರಿನ ಮೇಲೆ ಜಿಡ್ಡು ಕಟ್ಟುತ್ತದೆ. ಕಾಣೆ, ನಂಗಿನಂಥ ಬಿಳಿ ಮಾಂಸದ ಮೀನು ಒಳ್ಳೆಯದು. ಕೆರೆ, ಹೊಳೆಯ ಮೀನಿಗಿಂತ ಸಮುದ್ರದ್ದು ವಾಸಿ, ಅದರ ಪರಾವಲಂಬಿಗಳಲ್ಲಿ ಹೆಚ್ಚಿನವು ಸಿಹಿನೀರಿನಲ್ಲಿ ಬಾಳುವುದಿಲ್ಲ. ಘಟ್ಟದ ಕೆಳಗಿಂದ ಬರುವ ಹೊತ್ತಿಗೆ ಎಷ್ಟು ಐಸ್ ಕಂಡಿದೆ ಎಂದು ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು.

ಸಿಗಡಿಯ ತಲೆಯ ಚೂಪು ಕೊಂಬು ಮತ್ತು ಬಾಲದ ಮುಳ್ಳು ತೆಗೆಯಿರಿ. ದೊಡ್ಡ ಅರೋವಾನಾಕ್ಕೆ ಮೈಯ ಸಿಪ್ಪೆ ಬಿಟ್ಟರೂ ಅಡ್ಡಿಯಿಲ್ಲ, ಬಣ್ಣಕ್ಕೆ ಒಳ್ಳೆಯದು. ಮಾರುಕಟ್ಟೆಯ ಒಣ ಸಿಗಡಿ, ಒಣ ಮೀನಿಗೆ ಬಹಳ ಸಲ ಉಪ್ಪು ಹಾಕಿರುತ್ತಾರೆ. ಬೇಡ.

ಜೀವಂತ ಸಣ್ಣ ಗೋಲ್ಡ್ ಫಿಶ್ ತಂದು ಬಿಡಬಹುದೇ?

ಬೇಡ. ರೋಗ ತರುವ ಸುಲಭದ ದಾರಿ ಅದು. ಗೋಲ್ಡ್ ಫಿಶ್, ಸಾಮಾನ್ಯ ಗೆಂಡೆ ಎರಡರಲ್ಲೂ ಥಯಾಮಿನೇಸ್ ಇದೆ. ಅದನ್ನೇ ತಿಂದು ಬೆಳೆದ ಮೀನು ಬಿ1 ಕೊರತೆಯಿಂದ ಸಮತೋಲನ ತಪ್ಪಿ ವಾಲಾಡುತ್ತ ಈಜತೊಡಗುತ್ತದೆ.

ಮಾಂಸದ ರುಚಿ ಹತ್ತಿ ಈಗ ಪೆಲೆಟ್ ಉಗುಳುತ್ತದೆ.

ಮಾಂಸ ಪೂರ್ತಿ ನಿಲ್ಲಿಸಿ. ದಿನಕ್ಕೊಮ್ಮೆ ನಾಲ್ಕು ಕಾಳು ಪೆಲೆಟ್ ಹಾಕಿ, ಐದು ನಿಮಿಷದಲ್ಲಿ ತಿನ್ನದಿದ್ದರೆ ತೆಗೆಯಿರಿ. ಆರೋಗ್ಯವಂತ ದೊಡ್ಡ ಆಸ್ಕರ್ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಗಾಜಿಗೆ ಬಂದು ಬಾಯಿ ಬಡಿಯುತ್ತದೆ, ಮನೆಯ ಮಕ್ಕಳಿಗೆ ಅಯ್ಯೋ ಅನ್ನಿಸುತ್ತದೆ. ಯಾರೋ ಒಬ್ಬರು ಕನಿಕರಪಟ್ಟು ಒಂದು ತುಂಡು ಹಾಕಿದರೆ ಮತ್ತೆ ಮೊದಲಿನಿಂದ ಶುರು. ಬಗ್ಗದಿದ್ದರೆ ಪೆಲೆಟನ್ನು ಸಿಗಡಿ ಅದ್ದಿದ ನೀರಿನಲ್ಲಿ ನೆನೆಸಿ ಕೊಡಿ. ಮರಿಗೆ ಈ ಉಪವಾಸ ಮಾಡಿಸಬೇಡಿ.

ಮಾಂಸ ಹಾಕಿದ ಮರುದಿನ ನೀರು ಹಾಲಿನಂತಾಗಿದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ.

ಕೊಳೆತದ್ದನ್ನು ತಿಂದು ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ಆಮ್ಲಜನಕ ಹೀರುತ್ತಿವೆ. ಮೊದಲು ಏರ್ ಪಂಪ್ ಜೋರು ಮಾಡಿ. ಕಲ್ಲು, ಗಿಡ ಸರಿಸಿ ಉಳಿದ ತುಂಡು ಹುಡುಕಿ ತೆಗೆಯಿರಿ. ಅದೇ ಬಿಸಿಯ, ಕ್ಲೋರಿನ್ ತೆಗೆದ ನೀರಿನಿಂದ ಮೂರರಲ್ಲೊಂದು ಪಾಲು ಬದಲಿಸಿ, ಮರುದಿನವೂ ಹಾಗೇ. ಎರಡು ದಿನ ಆಹಾರ ಬೇಡ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯಡಿ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ.

ನಮ್ಮ ಮನೆಗೆ ಮಾಂಸ ತರುವಂತಿಲ್ಲ. ಮೀನಿಗೆ ಕೊರತೆಯಾಗುತ್ತದೆಯೇ?

ಇಲ್ಲ. ಒಳ್ಳೆಯ ಕಂಪನಿಯ ಪೆಲೆಟ್ ಒಂದರಲ್ಲೇ ಆಸ್ಕರ್ ಆಯುಷ್ಯಪೂರ್ತಿ ಚೆನ್ನಾಗಿರುತ್ತದೆ. ಹಿತ್ತಲಿನ ಎರೆಹುಳು, ಅಂಗಡಿಯಲ್ಲಿ ಸಿಗುವ ಒಣಗಿಸಿದ ಕೀಟದ ಮರಿಗಳು ತಿಂಡಿಗೆ ಸಾಕು. ಅಡುಗೆಮನೆಯ ಫ್ರಿಜ್ಜಿಗೆ ಏನೂ ಹೋಗಬೇಕಿಲ್ಲ. ಸೊಳ್ಳೆ ಮರಿಯೂ ಮೀನಿಗೆ ಪ್ರಿಯವೇ, ಆದರೆ ಅದಕ್ಕಾಗಿ ಡ್ರಮ್ಮಿನಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿ ಇರುವ ಜಿಲ್ಲೆ ನಮ್ಮದು.

ಮನೆಯವರ ಆರೋಗ್ಯದ ದೃಷ್ಟಿಯಿಂದ ಏನು ಎಚ್ಚರ?

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಮೀನಿನ ಕೆಲಸಕ್ಕೆ ಚಾಕು, ಮಣೆ, ಜಾಲರಿ ಬೇರೆ ಇಡಿ, ಕೈ ಸೋಪಿನಲ್ಲಿ ತೊಳೆಯಿರಿ. ಬೆರಳಿಗೆ ಗಾಯವಿದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ. ಪೈಪಿನಲ್ಲಿ ನೀರು ತೆಗೆಯುವಾಗ ಬಾಯಿಂದ ಎಳೆಯುವ ಅಭ್ಯಾಸ ಬಿಡಿ, ಪೈಪನ್ನು ಪೂರ್ತಿ ಮುಳುಗಿಸಿ ನೀರು ತುಂಬಿಸಿ, ಹೆಬ್ಬೆರಳಿಂದ ಮುಚ್ಚಿ ಹೊರಗೆ ಇಳಿಬಿಟ್ಟರೆ ತಾನೇ ಹರಿಯುತ್ತದೆ.

ಹೊಟ್ಟೆ ಉಬ್ಬಿದೆ, ಬಿಳಿ ದಾರದಂಥ ಮಲ ಹೋಗುತ್ತಿದೆ.

ಮೂರು ದಿನ ಆಹಾರ ನಿಲ್ಲಿಸಿ, ನೀರನ್ನು ಆಯಾ ಮೀನಿಗೆ ಒಗ್ಗುವ ಬಿಸಿಯಲ್ಲಿಡಿ: ಆಸ್ಕರ್‌ಗೆ 27–28, ಡಿಸ್ಕಸ್‌ಗೆ 29–30. ಅಮೋನಿಯಾ, ಕೆ.ಎಚ್. ಪರೀಕ್ಷಿಸಿ. ಉಬ್ಬರ ಇಳಿದರೆ ಪೆಲೆಟಿನಿಂದಲೇ ಶುರುಮಾಡಿ, ಒಂದು ತಿಂಗಳು ಮಾಂಸ ಬೇಡ. ಮೈಯ ಹುರುಪೆಗಳು ನಿಗುರಿ ನಿಂತಿದ್ದರೆ ಅದು ಅಜೀರ್ಣವಲ್ಲ, ಒಳಗಿನ ಅಂಗ ಸೋತಿದೆ. ಆ ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ, ಅಂಗಡಿಯವರು ಕೊಟ್ಟ ಆಂಟಿಬಯಾಟಿಕ್ ಸುರಿಯುವ ಮೊದಲು ಮೀನಿನ ಬಗ್ಗೆ ತಿಳಿದ ಪಶುವೈದ್ಯರನ್ನು ಕೇಳಿ.